ಅಪ್ಪನ ಟ್ರಂಕು, ಆಚೆಮನೆ ಅಕ್ಕನ ತಡ್ಪೆ

ಕಳೆದ ಆದಿತ್ಯವಾರ ಶಾಲೆಯ ಹಾಲ್‌ನಲ್ಲಿ ನನ್ನ ಪುಸ್ತಕ ಬಿಡುಗಡೆ ಆಯಿತು, ಅಪ್ಪ ಕೂಡಿಟ್ಟ ಪೇಪರ್ ತುಣುಕುಗಳಿಂದ ಮಾಡಿದ್ದು, ನಮ್ಮ ಮಂಜೇಶ್ವರದ ಹಳೇ ಶಾಸಕರೊಬ್ಬರ ಬಗ್ಗೆ. ಕುರ್ಚಿ ಸಾಲದೆ ಹಿಂದೆ ಬೆಂಚು ಹಾಕಬೇಕಾಯಿತು. ಅಪ್ಪ ಎದುರಿನ ಸಾಲಿನಲ್ಲಿ ವೀಲ್‌ಚೇರಲ್ಲಿ ಕೂತಿದ್ದರು. ನನಗೆ ಮಾತೇ ಹೊರಡಲಿಲ್ಲ, ನೀವೆಲ್ಲ ನೋಡಿದ್ದೀರಿ. ಬರೆದುಕೊಂಡು ಹೋಗಿದ್ದ ಚೀಟಿ ಕೈಯಲ್ಲೇ ಮುದ್ದೆಯಾಯಿತು. ಆವತ್ತು ಹೇಳಬೇಕಾಗಿದ್ದನ್ನು ಇಲ್ಲಿ ಹೇಳುತ್ತೇನೆ.

ಅಪ್ಪ ಬಿದ್ದಾಗ ಏನಾಯಿತು, ಮಂಗಳೂರಿನ ಆಸ್ಪತ್ರೆಯಲ್ಲಿ ಎಷ್ಟು ದಿನ ಇದ್ದೆವು ಎಂಬುದೆಲ್ಲ ನಿಮಗೆ ಗೊತ್ತು, ಮತ್ತೆ ಅದನ್ನು ಬರೆಯುವ ಶಕ್ತಿ ನನಗಿಲ್ಲ. ರಕ್ತ ಕೊಡಲು ಬೆಳಿಗ್ಗೆ ಐದಕ್ಕೇ ಬಂದು ನಿಂತ ಹುಡುಗರು, ತಲಪಾಡಿ ಗಡಿ ದಾಟಿ ದಿನಾ ಊಟ ತಂದುಕೊಟ್ಟ ಚಿಕ್ಕಪ್ಪನ ಮನೆಯವರು, ತಿರುವನಂತಪುರದ ವಿಧಾನಸಭಾ ಗ್ರಂಥಾಲಯದಲ್ಲಿ ಎರಡು ದಿನ ಕೂತು ಹಳೇ ನಡಾವಳಿಯ ಪುಟಗಳನ್ನು ನಕಲು ಮಾಡಿ ಕಳಿಸಿದ ಗೆಳತಿ, ಮಲಯಾಳದಿಂದ ಕನ್ನಡಕ್ಕೆ ಅರ್ಥ ಹೇಳಿಕೊಟ್ಟ ಮಾಷ್ಟ್ರು, ಮೂರು ಸಲ ಪ್ರೂಫ್ ತಿದ್ದಿದ ಅತ್ತಿಗೆ, ಉಳಿದ ಹಣ ನಿಧಾನಕ್ಕೆ ಕೊಡಿ ಅಂದ ಪ್ರೆಸ್ಸಿನವರು, ಎಲ್ಲರಿಗೂ ಕೈಮುಗಿಯುತ್ತೇನೆ. ಒಬ್ಬೊಬ್ಬರ ಬಗ್ಗೆಯೂ ಬರೆಯಬೇಕಿತ್ತು. ಆದರೆ ಇವತ್ತು ಒಬ್ಬರ ಬಗ್ಗೆ ಬರೆಯದೆ ನಿದ್ದೆ ಬರುವುದಿಲ್ಲ.

ಅದಕ್ಕೆ ಮೊದಲು ಟ್ರಂಕಿನ ವಿಷಯ. ಅಪ್ಪ ಕನ್ನಡ ಶಾಲೆಯ ಮಾಷ್ಟ್ರಾಗಿದ್ದವರು. ಹುಡುಗನಾಗಿದ್ದಾಗಿನಿಂದಲೇ ಮಂಜೇಶ್ವರದ ಶಾಸಕರ ಬಗ್ಗೆ ಪೇಪರಲ್ಲಿ ಬಂದದ್ದನ್ನು ಕತ್ತರಿಸಿ ಆ ಟ್ರಂಕಿನಲ್ಲಿ ಇಡುತ್ತಿದ್ದರು. 1956ರ ನವೆಂಬರ್ 1ಕ್ಕೆ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಮರುವರ್ಷವೇ ಮೊದಲ ಚುನಾವಣೆ. ಅಪ್ಪನಿಗೆ ಆಗ ವೋಟಿನ ವಯಸ್ಸಾಗಿರಲಿಲ್ಲ. ಆಗಿದ್ದರೂ ಶಾಸಕರಿಗೆ ಅಂತ ವೋಟು ಹಾಕುವ ಕೆಲಸ ಇರಲಿಲ್ಲ, ಎಂ. ಉಮೇಶ್ ರಾವ್ ಅವಿರೋಧವಾಗಿ ಆಯ್ಕೆಯಾದರು. ಆಮೇಲೆ ಬಂದವರು ವಕೀಲರಾದ ಕಳ್ಳಿಗೆ ಮಹಾಬಲ ಭಂಡಾರಿ. 1960, 1965, 1967, ಮೂರು ಸಲ ಪಕ್ಷೇತರರಾಗಿ ಗೆದ್ದರು. ಬೆನ್ನಿಗೆ ಕರ್ನಾಟಕ ಸಮಿತಿ ಇತ್ತು. ಕಾಸರಗೋಡು ಕನ್ನಡನಾಡಿಗೆ ಸೇರಬೇಕು ಎಂಬ ಮಾತನ್ನು ಹಿಡಿದುಕೊಂಡೇ ಅವರು ಆರುನೂರು ಕಿಲೋಮೀಟರ್ ಹತ್ತಿರ ಹತ್ತಿರ ದೂರದ ರಾಜಧಾನಿಗೆ ಹೋಗಿ ಕೂತವರು. ಪುಸ್ತಕ ಅವರ ರಾಜಕೀಯ ಬದುಕಿನ ಬಗ್ಗೆ. ಟ್ರಂಕಿನಲ್ಲಿ ಬೇರೆಯವರೂ ಇದ್ದರು. 1970ರಲ್ಲಿ ಗೆದ್ದ ಸಿಪಿಐಯ ಎಂ. ರಾಮಪ್ಪ, ಆಮೇಲೆ ಮುಖ್ಯಮಂತ್ರಿ ನಾಯನಾರ್ ಮಂತ್ರಿಮಂಡಲದಲ್ಲಿ ನೀರಾವರಿ ಮಂತ್ರಿಯಾದ ಎ. ಸುಬ್ಬರಾವ್. ಅಪ್ಪನಿಗೆ ಪಕ್ಷ ಮುಖ್ಯ ಆಗಿರಲಿಲ್ಲ. ನಮ್ಮೂರಿನವರು ಅಲ್ಲಿ ಹೋಗಿ ಏನು ಮಾತಾಡಿದರು ಎಂಬುದು ಬೇಕಿತ್ತು.

ನನಗೆ ಆ ಟ್ರಂಕು ಕಂಡರೆ ಆಗುತ್ತಿರಲಿಲ್ಲ. ಅಮ್ಮ ತೀರಿಹೋದ ಮೇಲೆ ಅಪ್ಪ ಅದರ ಜೊತೆಯಲ್ಲೇ ಕೂತಿರುತ್ತಿದ್ದರು. ಬಿದ್ದ ದಿನ ಬೆಳಿಗ್ಗೆ ಕೂಡ ಅದರ ವಿಷಯಕ್ಕೇ ನಾನು ಅಪ್ಪನ ಹತ್ತಿರ ಜೋರು ಮಾತಾಡಿದ್ದೆ. ಈ ಮಾತನ್ನು ಇದುವರೆಗೆ ಯಾರಿಗೂ ಹೇಳಿರಲಿಲ್ಲ.

ಅಪ್ಪ ಐಸಿಯುನಲ್ಲಿದ್ದ ನಾಲ್ಕನೇ ದಿನ, ಬಟ್ಟೆ ಮತ್ತು ಪಾಸ್‌ಬುಕ್ ತರಲು ಸಂಜೆ ಮನೆಗೆ ಬಂದೆ. ಆಟಿ ತಿಂಗಳ ಮಳೆ. ತೆಂಗಿನ ಮಡಲು ಬಿದ್ದು ಹಂಚು ಒಡೆದಿತ್ತು, ನೀರು ನೇರ ಟ್ರಂಕಿನ ಮೇಲೆ ಬೀಳುತ್ತಿತ್ತು. ಕರೆಂಟಿಲ್ಲ. ಟಾರ್ಚ್ ಹಿಡಿದು ಮುಚ್ಚಳ ತೆಗೆದರೆ ಒಳಗೆ ಅರ್ಧ ನೀರು. ಕಾಗದಗಳು ಒಂದಕ್ಕೊಂದು ಅಂಟಿ ಇಟ್ಟಿಗೆಯ ಹಾಗೆ ಆಗಿದ್ದವು. ಅಷ್ಟು ಹೊತ್ತಿಗೇ ಆಸ್ಪತ್ರೆಯಿಂದ ಚಿಕ್ಕಪ್ಪನ ಫೋನು. ಬೆಳಗಿನವರೆಗೆ ಏನೂ ಹೇಳಲಿಕ್ಕಾಗುವುದಿಲ್ಲ ಅಂತ ಡಾಕ್ಟರು ಅಂದಿದ್ದಾರಂತೆ. ಹೊರಗೆ ರಸ್ತೆಗೆ ಮರ ಬಿದ್ದು ಒಂದು ರಿಕ್ಷಾ ಕೂಡ ಹೋಗುವ ಹಾಗಿರಲಿಲ್ಲ. ನಾನು ಒದ್ದೆ ನೆಲದಲ್ಲೇ ಕೂತು ಕೂಗಿ ಅತ್ತೆ. ಎಷ್ಟು ಜೋರಾಗಿ ಅತ್ತೆನೋ, ಆ ಮಳೆಯಲ್ಲೂ ಆಚೆಮನೆ ಅಕ್ಕನಿಗೆ ಕೇಳಿತು.

ಅಕ್ಕ ಬಂದದ್ದು ಗೊಬ್ಬರದ ಚೀಲ ಸೂಡಿಕೊಂಡು, ಕೈಯಲ್ಲಿ ಚಿಮಿಣಿ ದೀಪ ಹಿಡಿದುಕೊಂಡು. ಏನಾಯಿತು ಅಂತ ಕೇಳಲಿಲ್ಲ. 'ಕುಲ್ಲುಲ ಮಗಾ, ಸುರುಕು ಚಾ ಪರ್ಲ' ಅಂದರು ತುಳುವಿನಲ್ಲಿ, ಕೂತುಕೋ ಮಗಾ, ಮೊದಲು ಚಹಾ ಕುಡಿ ಅಂತ. ಚಹಾ ಅವರೇ ಮಾಡಿದರು. ನಾನು ಆಗ ಹೇಳಿದ್ದು ನೆನಪಿದೆ, ಅಕ್ಕಾ, ಇದನ್ನೆಲ್ಲ ಬೆಳಿಗ್ಗೆ ಬಚ್ಚಲು ಒಲೆಗೆ ಹಾಕಿ ಬಿಡುವ, ಇದರಿಂದಲೇ ಎಲ್ಲ ಹಾಳಾದದ್ದು ಅಂತ. ಅವರು ಉತ್ತರ ಕೊಡದೆ ಮನೆಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ವಾಪಸ್ ಬಂದಾಗ ಎರಡು ತಡ್ಪೆ (ಅಂದರೆ ಮೊರ), ಹಳೇ ಸೀರೆಗಳ ಒಂದು ಕಟ್ಟು, ಮತ್ತೆ ಬೀಡಿಯ ಬಾಯಿ ಮಡಚುವಾಗ ಬೆರಳಿಗೆ ಹಾಕುವ ತಗಡಿನ ಉಗುರು ಇತ್ತು.

ಅಕ್ಕ ನಲವತ್ತು ವರ್ಷದಿಂದ ಬೀಡಿ ಕಟ್ಟುವವರು. ಒದ್ದೆ ಎಲೆಯ ಸ್ವಭಾವ ಅವರಿಗೆ ಗೊತ್ತು. ಒದ್ದೆಯಾದದ್ದನ್ನು ಎಳೆಯಬಾರದು, ಅದಾಗಿಯೇ ಬಿಡುವವರೆಗೆ ಕಾಯಬೇಕು ಅಂದರು. ಇಟ್ಟಿಗೆಯಂತಿದ್ದ ಕಟ್ಟನ್ನು ಮಡಿಲಲ್ಲಿಟ್ಟು, ಅಂಚಿಗೆ ಆ ತಗಡಿನ ಉಗುರು ತೂರಿಸಿ, ಉಸಿರು ಬಿಗಿಹಿಡಿದು ಒಂದು ಹಾಳೆ ಎಬ್ಬಿಸುತ್ತಿದ್ದರು. ಎದ್ದದ್ದನ್ನು ನಾನು ಎರಡೂ ಅಂಗೈಯಲ್ಲಿ ಹೊತ್ತು ಸೀರೆಯ ಮೇಲೆ ಮಲಗಿಸಬೇಕು, ಮೇಲಿಂದ ಇನ್ನೊಂದು ಪದರ ಒತ್ತಬೇಕು, ಆಮೇಲೆ ತಡ್ಪೆಗೆ. ತಡ್ಪೆ ತುಂಬಿದ ಮೇಲೆ ಮಂಚ, ಮಂಚ ತುಂಬಿದ ಮೇಲೆ ಊಟದ ಮೇಜು. ಒಲೆಯ ಬಿಸಿಗೆ ಹಿಡಿಯುವ ಅಂದಾಗ ಬೇಡ ಅಂದರು, ಮುರುಟಿ ಹೋಗುತ್ತದೆ ಅಂತ. ಹೀಗೆ ಬೆಳಗಿನ ಜಾವದ ತನಕ. ನಡುವೆ ನನ್ನ ಫೋನು ಸದ್ದು ಮಾಡಿದಾಗಲೆಲ್ಲ ಅವರ ಕೈ ನಿಲ್ಲುತ್ತಿತ್ತು, ನನ್ನ ಮುಖ ನೋಡಿ ಮತ್ತೆ ಶುರು ಮಾಡುತ್ತಿದ್ದರು.

ಅಕ್ಕ ಕನ್ನಡ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವರು. ಎಬ್ಬಿಸಿದ ಪ್ರತಿ ಹಾಳೆಯ ತಲೆಬರಹವನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು, ನನ್ನನ್ನು ಎಚ್ಚರ ಇಡಲಿಕ್ಕೆ ಇರಬೇಕು. 1965ರ ಫಲಿತಾಂಶದ ತುಣುಕು ಬಂತು. ಭಂಡಾರಿಯವರು ಗೆದ್ದರು ಅಂತ ಓದಿದರು. ಗೆದ್ದರು ಅಕ್ಕಾ, ಆದರೆ ಆ ಸಲ ಯಾವ ಪಕ್ಷಕ್ಕೂ ಬಹುಮತ ಬರಲಿಲ್ಲ, ಸಭೆ ಸೇರುವ ಮೊದಲೇ ವಿಸರ್ಜನೆ ಆಯಿತು, ಗೆದ್ದವರು ಯಾರೂ ಒಳಗೆ ಕೂರಲೇ ಇಲ್ಲ ಅಂದೆ.

ಅಕ್ಕ ದೀಪದ ಕಡೆ ನೋಡಿದರು. 'ಒಂದು ದಿನವೂ ಇಲ್ಲವಾ? ಮತ್ತೆ?'

'67ರಲ್ಲಿ ಮತ್ತೆ ನಿಂತರು.'

'ಗೆದ್ದರಾ?'

'ಗೆದ್ದರು.'

'ಹಾಗಾದರೆ ಆ ಪೇಪರೂ ಇದರಲ್ಲೇ ಇರಬೇಕು. ಹುಡುಕುವ.'

ಇತ್ತು. ಐದಾರು ಹಾಳೆ ಕೆಳಗೆ ಸಿಕ್ಕಿತು. ಅದರ ಕೆಳಗೆ ಅದೇ ವರ್ಷದ, ಗಡಿ ವಿವಾದದ ಮಹಾಜನ್ ಆಯೋಗದ ವರದಿಯ ಸುದ್ದಿ, ಚಂದ್ರಗಿರಿ ಹೊಳೆಯ ಉತ್ತರದ ಭಾಗ ಆಗಿನ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದು ಶಿಫಾರಸು ಮಾಡಿದ್ದು. ಮಾರ್ಜಿನಲ್ಲಿ ಅಪ್ಪ ನೀಲಿ ಶಾಯಿಯಲ್ಲಿ ಏನೋ ಬರೆದಿದ್ದರು. ಶಾಯಿ ಕರಗಿ ನೀರಲ್ಲಿ ಹೋಗಿದೆ. ಆ ಎರಡು ಸಾಲು ಏನಿತ್ತೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಅಪ್ಪನಿಗೆ ಈಗ ಮಾತು ಪೂರ್ತಿ ಬರುವುದಿಲ್ಲ. ಪುಸ್ತಕದಲ್ಲಿ ಆ ಹಾಳೆಯ ಫೋಟೋ ಹಾಕಿ, ಪಕ್ಕದಲ್ಲಿ ಏನೂ ಬರೆಯದೆ ಬಿಟ್ಟಿದ್ದೇನೆ.

ಸೇರಬೇಕು ಅಂದದ್ದು ಸೇರಲಿಲ್ಲ, ಅದು ನಮಗೆಲ್ಲ ಗೊತ್ತು. ಆದರೂ 2021ರಲ್ಲಿ ಮಂಜೇಶ್ವರದಿಂದ ಗೆದ್ದ ಎ.ಕೆ.ಎಂ. ಅಶ್ರಫ್ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲಿ ಪ್ರಮಾಣವಚನ ತಗೊಂಡಾಗ ಅಪ್ಪ ಟಿವಿ ಎದುರು ಎದ್ದು ನಿಂತಿದ್ದರು. ಆ ಸುದ್ದಿಯ ತುಣುಕು ಟ್ರಂಕಿನೊಳಗೆ ಎಲ್ಲಕ್ಕಿಂತ ಮೇಲೆಯೇ ಇತ್ತು, ಪೂರ್ತಿ ಹಾಳಾಯಿತು. ಇನ್ನೊಂದು ಪ್ರತಿ ಕೊಟ್ಟವರು ಅಕ್ಕನ ಮಗ ಕೆಲಸ ಮಾಡುವ ಅಂಗಡಿಯ ಸಾಹುಕಾರರು, ಹಳೇ ಪೇಪರ್ ಕಟ್ಟಿನಿಂದ ಹುಡುಕಿ ತೆಗೆದು. ಅವರಿಗೂ ಧನ್ಯವಾದ.

ಬೆಳಿಗ್ಗೆ ಆರೂವರೆಗೆ ಚಿಕ್ಕಪ್ಪನ ಫೋನು ಬಂತು. ಅಪ್ಪ ಕಣ್ಣು ಬಿಟ್ಟಿದ್ದರು. ನಾನು ಹೇಳುವ ಮೊದಲೇ ಅಕ್ಕನಿಗೆ ನನ್ನ ಮುಖದಲ್ಲಿ ಗೊತ್ತಾಯಿತು. ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು, 'ಸ್ನಾನ ಮಾಡಿ ಹೊರಡು, ಇದನ್ನು ನಾನು ತಿರುಗಿಸಿ ಹಾಕುತ್ತೇನೆ' ಅಂದರು. ಆ ವಾರ ಅವರು ಕಟ್ಟಿದ ಬೀಡಿ ಅರ್ಧಕ್ಕರ್ಧ ಕಮ್ಮಿ ಅಂತ ನನಗೆ ಗೊತ್ತಾದದ್ದು ಎರಡು ತಿಂಗಳ ಮೇಲೆ, ಅದೂ ಬೇರೆಯವರ ಬಾಯಲ್ಲಿ. ದುಡ್ಡು ಕೊಡಲು ಹೋದೆ. ಬಾಗಿಲಲ್ಲೇ ನಿಲ್ಲಿಸಿ, ಇದಕ್ಕೆ ಬಂದದ್ದಾದರೆ ಒಳಗೆ ಬರಬೇಡ ಅಂದರು. ದುಡ್ಡನ್ನು ನನ್ನ ಹತ್ತಿರವೇ ಇಟ್ಟುಕೊಂಡು ಒಳಗೆ ಹೋಗಿ ಕೂತೆ.

ಈಗ ಫೈಲು ತೆಗೆದರೆ ಕಾಗದಕ್ಕೆಲ್ಲ ಹೊಗೆಸೊಪ್ಪಿನ ವಾಸನೆ. ಅಪ್ಪ ಒಂದು ಹಾಳೆಯನ್ನು ಮೂಗಿನ ಹತ್ತಿರ ಹಿಡಿದು ಆಚೆಮನೆಯ ಕಡೆ ಕೈ ತೋರಿಸಿದರು. ಹೌದು ಅಪ್ಪ, ಅವರೇ ಅಂದೆ.

ಅಕ್ಕಾ, ಆದಿತ್ಯವಾರ ನೀವು ಹಿಂದಿನ ಬೆಂಚಲ್ಲಿ ಕೂತು, ಚಹಾ ಕೊಡುವ ಹೊತ್ತಿಗೆ ಎದ್ದು ಹೋದಿರಿ. ನಿಮಗಾಗಿ ತೆಗೆದಿಟ್ಟ ಮೊದಲ ಪ್ರತಿ ನನ್ನ ಹತ್ತಿರವೇ ಇದೆ. ಅಪ್ಪ ಎಡಗೈಯಲ್ಲಿ ಸಹಿ ಹಾಕಿದ್ದಾರೆ, ಅದಕ್ಕೆ ಅರ್ಧ ಗಂಟೆ ಬೇಕಾಯಿತು. ನಿಮ್ಮ ಎರಡು ತಡ್ಪೆಯೂ ಇಲ್ಲೇ ಉಳಿದಿದೆ. ನಾಳೆ ಸಂಜೆ ಎಲ್ಲ ಒಟ್ಟಿಗೆ ತರುತ್ತೇನೆ, ಅಪ್ಪನನ್ನೂ ಕರೆದುಕೊಂಡು.