ಸೋಡಿಯಂ ಪುಕ್ಕಟೆ ಏನೂ ಕೊಡುವುದಿಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ವಿದ್ಯಾರ್ಥಿ ಪುಟದಲ್ಲಿ ಅಯಾನುಗಳ ಬಗ್ಗೆ, ಅಂದರೆ ಎಲೆಕ್ಟ್ರಾನ್ ಕಳೆದುಕೊಂಡೋ ಪಡೆದೋ ಪ್ಲಸ್ ಅಥವಾ ಮೈನಸ್ ಆದ ಪರಮಾಣುಗಳ ಬಗ್ಗೆ, ಬಂದ ಪಾಠ ಓದಿದೆ. ನಗುಮುಖದ ಸೋಡಿಯಂ ಕೈ ಚಾಚಿ ಕ್ಲೋರಿನ್‌ಗೆ ಒಂದು ಎಲೆಕ್ಟ್ರಾನ್ ಕೊಡುತ್ತಿರುವ ಚಿತ್ರ. ಕೆಳಗೆ ವಿವರಣೆ: ಸೋಡಿಯಂ ತನ್ನ ಕೊನೆಯ ಎಲೆಕ್ಟ್ರಾನನ್ನು ಖುಷಿಯಿಂದ ಬಿಟ್ಟುಕೊಡುತ್ತದೆ, ಇಬ್ಬರಿಗೂ ಹೊರ ಕವಚದಲ್ಲಿ ಎಂಟು ತುಂಬುತ್ತದೆ, ಇಬ್ಬರೂ ನೆಮ್ಮದಿಯಾಗಿರುತ್ತಾರೆ. ಈ ಕಥೆ ಬರೆದವರು ನೀವು ಮಾತ್ರ ಅಲ್ಲ. ಟ್ಯೂಷನ್ ನೋಟ್ಸ್‌ನಲ್ಲೂ ಇದೇ, ಗೈಡ್‌ನಲ್ಲೂ ಇದೇ. ಆದರೆ ಇದು ಸರಿಯಲ್ಲ. ಸಣ್ಣ ತಪ್ಪು ಅಂತ ಬಿಟ್ಟುಬಿಡುವಂಥದ್ದೂ ಅಲ್ಲ.

ನಾನು ಮೇಷ್ಟ್ರಲ್ಲ. ಕರೆಂಟ್ ಹರಿಸಿ ಲೋಹದ ಲೇಪ ಹಾಕುವ ಎಲೆಕ್ಟ್ರೋಪ್ಲೇಟಿಂಗ್ ಶಾಪಿಗೆ ಹೆಲ್ಪರ್ ಆಗಿ ಸೇರಿ, ಸೂಪರ್‌ವೈಸರ್ ಆಗಿ ನಿವೃತ್ತನಾದವನು. ಅಯಾನುಗಳಿಂದಲೇ ಹೊಟ್ಟೆ ಹೊರೆದವನು. ನಮ್ಮ ಕೆಲಸದಲ್ಲಿ ಪ್ರತಿ ಎಲೆಕ್ಟ್ರಾನಿಗೂ ಲೆಕ್ಕ ಇರುತ್ತದೆ. ಹಾಗಾಗಿ ಯಾರಾದರೂ ಎಲೆಕ್ಟ್ರಾನನ್ನು ದಾನ ಮಾಡಿದರು ಅಂದರೆ ನನಗೆ ನಂಬಿಕೆ ಬರುವುದಿಲ್ಲ.

ಲೆಕ್ಕ ಹೀಗಿದೆ. ಒಂದು ಮೋಲ್ (ಪರಮಾಣುಗಳನ್ನು ಎಣಿಸುವ ದೊಡ್ಡ ಅಳತೆ) ಸೋಡಿಯಂ, ಅಂದರೆ ಸುಮಾರು 23 ಗ್ರಾಂ, ಅನಿಲ ರೂಪದಲ್ಲಿ ಬಿಡಿ ಬಿಡಿ ಪರಮಾಣುಗಳಾಗಿದೆ ಅಂದುಕೊಳ್ಳಿ. ಒಂದೊಂದರಿಂದಲೂ ಒಂದು ಎಲೆಕ್ಟ್ರಾನ್ ಕೀಳಲು ಒಟ್ಟು 496 ಕಿಲೋಜೌಲ್ ಶಕ್ತಿ ಬೇಕು. ಕೀಳಲು ಅಂತಲೇ ಹೇಳಬೇಕು. ನ್ಯೂಕ್ಲಿಯಸ್ಸಿನ 11 ಪ್ರೋಟಾನುಗಳು ಅದನ್ನು ತಮ್ಮ ಕಡೆಗೆ ಎಳೆಯುತ್ತಲೇ ಇವೆ, ಅಲ್ವಾ? ಒಳಗಿನ 10 ಎಲೆಕ್ಟ್ರಾನುಗಳು ನಡುವೆ ಅಡ್ಡ ಇರುವುದರಿಂದ ಹಿಡಿತ ಸಡಿಲ, ಅಷ್ಟೇ. ಇನ್ನು ಕ್ಲೋರಿನ್. ಒಂದು ಮೋಲ್ ಕ್ಲೋರಿನ್ ಪರಮಾಣುಗಳಿಗೆ ತಲಾ ಒಂದು ಎಲೆಕ್ಟ್ರಾನ್ ಸೇರಿದಾಗ 349 ಕಿಲೋಜೌಲ್ ಹೊರಬರುತ್ತದೆ. ಖರ್ಚು 496, ಬಂದದ್ದು 349. ಇನ್ನೂ 147 ಕೊರತೆ.

ಅಂದರೆ ದೂರ ದೂರ ಇರುವ ಸೋಡಿಯಂ ಮತ್ತು ಕ್ಲೋರಿನ್ ಪರಮಾಣುಗಳ ನಡುವೆ ಎಲೆಕ್ಟ್ರಾನ್ ತಾನಾಗಿ ದಾಟುವುದಿಲ್ಲ. ಎಂಟು ತುಂಬುವ ಆಸೆ ಎಷ್ಟೇ ಇರಲಿ, ಶಕ್ತಿ ಸಾಲದು. ಈ ಕೊರತೆಯನ್ನು ತುಂಬುವುದು ಅಯಾನುಗಳ ನಡುವಿನ ಸೆಳೆತ. ಪ್ಲಸ್ ಮತ್ತು ಮೈನಸ್ ಹತ್ತಿರ ಬಂದು, ಸಾಲು ಸಾಲಾಗಿ ಸ್ಫಟಿಕ ಕಟ್ಟಿಕೊಂಡಾಗ 787 ಕಿಲೋಜೌಲ್ ಬಿಡುಗಡೆಯಾಗುತ್ತದೆ. ಸೋಡಿಯಂ ಗಟ್ಟಿಯಿಂದ ಪರಮಾಣುಗಳನ್ನು ಬಿಡಿಸಲು 107, ಕ್ಲೋರಿನ್ ಜೋಡಿಗಳನ್ನು ಒಡೆಯಲು 122, ಇವನ್ನೂ ಖರ್ಚಿಗೆ ಸೇರಿಸಿ. ಒಟ್ಟು ಖರ್ಚು 725, ಒಟ್ಟು ಬಂದದ್ದು 1136. ಉಳಿದದ್ದು 411. ಕ್ಲೋರಿನ್ ತುಂಬಿದ ಜಾಡಿಯಲ್ಲಿ ಸೋಡಿಯಂ ಹಳದಿಯಾಗಿ ಉರಿಯುವಾಗ ಹೊರಬರುವ ಶಾಖ ಇದೇ. ಹೈಸ್ಕೂಲ್ ಮಕ್ಕಳಿಗೆ ಇದು ಕಷ್ಟವೇ? ಕೂಡುವುದು, ಕಳೆಯುವುದು ಬಂದರೆ ಸಾಕು.

ಹಾಗಾದರೆ ಸೋಡಿಯಂ ಒಂದೇ ಎಲೆಕ್ಟ್ರಾನ್ ಬಿಟ್ಟು ನಿಲ್ಲುವುದೇಕೆ? ಅದಕ್ಕೂ ಲೆಕ್ಕವೇ ಉತ್ತರ. ಎರಡನೆಯದನ್ನು ಕೀಳಲು 4562 ಕಿಲೋಜೌಲ್ ಬೇಕು. ಮೊದಲನೆಯದರ ಒಂಬತ್ತು ಪಟ್ಟಿಗಿಂತ ಜಾಸ್ತಿ. ಅದು ಒಳಗಿನ ಕವಚದ್ದು, ನ್ಯೂಕ್ಲಿಯಸ್ಸಿಗೆ ಹತ್ತಿರ, ನಡುವೆ ಅಡ್ಡ ನಿಲ್ಲುವವರೂ ಕಡಿಮೆ. ಇಷ್ಟು ಖರ್ಚನ್ನು ಯಾವ ಸ್ಫಟಿಕವೂ ತೀರಿಸುವುದಿಲ್ಲ. ಪಕ್ಕದ ಮೆಗ್ನೀಸಿಯಂಗೆ ಮೊದಲನೆಯದು 738, ಎರಡನೆಯದು 1451, ಮೂರನೆಯದು 7733. ಎಲ್ಲಿ ನಿಲ್ಲುತ್ತದೆ ಅಂತ ಮಗು ತಾನೇ ಹೇಳುತ್ತದೆ. ಎಂಟರ ನಿಯಮವನ್ನು ಉರು ಹೊಡೆಸುವ ಬದಲು ಈ ಅಂಕಿಗಳನ್ನು ಮುಂದಿಟ್ಟರೆ ನಿಯಮ ಎಲ್ಲಿಂದ ಹುಟ್ಟಿತು ಅಂತ ಕಾಣುತ್ತದೆ, ಎಲ್ಲಿ ಮುರಿಯುತ್ತದೆ ಅಂತಲೂ ಕಾಣುತ್ತದೆ.

ಮುರಿದದ್ದೂ ಉಂಟು. ಜೆನಾನ್ ಎಂಬ ಅನಿಲಕ್ಕೆ ಹೊರ ಕವಚದಲ್ಲಿ ಎಂಟು ತುಂಬಿದೆ, ಅದು ಯಾರ ಜೊತೆಗೂ ಸೇರುವುದಿಲ್ಲ ಅಂತ ಎಲ್ಲರೂ ನಂಬಿದ್ದರು. 1962ರಲ್ಲಿ ನೀಲ್ ಬಾರ್ಟ್‌ಲೆಟ್ ಎಂಬ ರಸಾಯನ ವಿಜ್ಞಾನಿ ಒಂದು ಅಂಕಿ ನೋಡಿದರು. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ವಸ್ತುವಿನ ಆವಿ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಿತ್ತುಕೊಳ್ಳುವುದನ್ನು ಅವರು ಕಂಡಿದ್ದರು. ಜೆನಾನ್‌ನಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಇಲ್ಲೂ ಆಗಬೇಕಲ್ಲ? ಎರಡು ಅನಿಲಗಳನ್ನು ಸೇರಿಸಿದರು. ಕಿತ್ತಳೆ ಬಣ್ಣದ ಘನವಸ್ತು ಕೂತಿತು. ನೆಮ್ಮದಿಯ ಕಥೆ ನಂಬಿ ಕೂತವರಿಗೆ ಈ ಯೋಚನೆ ಹೊಳೆಯುತ್ತಿರಲಿಲ್ಲ.

ಚಿತ್ರದ ಬಗ್ಗೆ ಇನ್ನೆರಡು ಮಾತು. ಎಲೆಕ್ಟ್ರಾನ್ ಕೊಡುವ ಮೊದಲೂ ಆಮೇಲೂ ಎರಡೂ ಗೋಲಗಳು ಒಂದೇ ಗಾತ್ರದಲ್ಲಿವೆ. ಸೋಡಿಯಂ ಪರಮಾಣುವಿನ ತ್ರಿಜ್ಯ 186 ಪಿಕೋಮೀಟರ್, ಅದರ ಅಯಾನಿನದು 102. ಹೊರ ಕವಚವೇ ಹೋಯಿತಲ್ಲ. ಕ್ಲೋರಿನ್ 99 ಇದ್ದದ್ದು ಅಯಾನಾದಾಗ 181 ಆಗುತ್ತದೆ. ದೊಡ್ಡದು ಸಣ್ಣದಾಯಿತು, ಸಣ್ಣದು ದೊಡ್ಡದಾಯಿತು. ಒಂದು ಎಲೆಕ್ಟ್ರಾನಿನಿಂದ ಇಷ್ಟು ಬದಲಾವಣೆ ಅಂದರೆ ಅದನ್ನು ತೋರಿಸದೆ ಬಿಡಬಾರದು.

ಇನ್ನೊಂದು, ಅವರಿಬ್ಬರು ಗಂಡ ಹೆಂಡಿರಂತೆ ಜೋಡಿಯಾಗಿ ನಿಂತಿದ್ದಾರೆ. ಸ್ಫಟಿಕದಲ್ಲಿ ಅಂಥ ಜೋಡಿಯೇ ಇಲ್ಲ. ಒಂದೊಂದು ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡ್ ಸುತ್ತ ಆರು ಸೋಡಿಯಂ. ಯಾರು ಯಾರಿಗೂ ಸೇರಿದವರಲ್ಲ. ಇದನ್ನು ಎಕ್ಸ್-ಕಿರಣದಿಂದ 1913ರಲ್ಲಿ ತೋರಿಸಿದವರು ಬ್ರ್ಯಾಗ್ ಎಂಬ ಭೌತ ವಿಜ್ಞಾನಿ. ಆಮೇಲೂ ಒಪ್ಪದವರಿದ್ದರು. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯ ರಸಾಯನ ವಿಜ್ಞಾನಿ, ಎಂಬತ್ತರ ಹತ್ತಿರದವರು, 1927ರಲ್ಲಿ ನೇಚರ್ ಪತ್ರಿಕೆಗೆ ಸಿಟ್ಟಿನ ಪತ್ರ ಬರೆದರು. ಅಣುವೇ ಇಲ್ಲದ ಈ ಚದುರಂಗದ ಮಣೆ ಶುದ್ಧ ಅಸಂಬದ್ಧ ಅನ್ನುವುದು ಅವರ ತಕರಾರು. ಸಂಪಾದಕರಿಗೆ ಪತ್ರ ಬರೆಯುವ ನಮ್ಮಂಥವರಿಗೆ ಹಿರಿಯಣ್ಣ ಅವರು. ಆದರೆ ಗೆದ್ದದ್ದು ಮಣೆ.

ಇನ್ನು ನನ್ನ ಕಸುಬಿನ ಮಾತು. ಆಸಿಡ್ ಕಾಪರ್ ಟ್ಯಾಂಕಿನ, ಅಂದರೆ ತಾಮ್ರದ ಲವಣ ಕರಗಿಸಿದ ಆಮ್ಲದ ತೊಟ್ಟಿಯ, ಮುಂದೆ ನಿಂತ ಹೊಸ ಹುಡುಗರು ಕೇಳುತ್ತಿದ್ದ ಪ್ರಶ್ನೆ ಒಂದೇ: ಸಾರ್, ಇದರಲ್ಲಿ ತಾಮ್ರ ಎಲ್ಲಿದೆ? ಪ್ರಶ್ನೆ ಸರಿಯಾದದ್ದೇ. ತಾಮ್ರ ಕೆಂಪಗಿರುತ್ತದೆ, ಟ್ಯಾಂಕು ನೀಲಿ. ಅಲ್ಲಿ ಇರುವುದು ಎರಡೆರಡು ಎಲೆಕ್ಟ್ರಾನ್ ಕಳೆದುಕೊಂಡು, ಸುತ್ತ ನೀರಿನ ಅಣುಗಳನ್ನು ಕಟ್ಟಿಕೊಂಡ ತಾಮ್ರದ ಅಯಾನುಗಳು. ಪರಮಾಣುವಿನ ಗುಣಕ್ಕೂ ಅಯಾನಿನ ಗುಣಕ್ಕೂ ಸಂಬಂಧವೇ ಇಲ್ಲವೇನೋ ಅನ್ನಿಸುವಷ್ಟು ವ್ಯತ್ಯಾಸ. ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರ್ ಹಾಕಿ, ಜಾಬ್‌ಗೆ (ಲೇಪ ಕೂರಬೇಕಾದ ಸಾಮಾನಿಗೆ) ಕರೆಂಟ್ ಕೊಟ್ಟಾಗ ಅವು ಕಳೆದುಕೊಂಡದ್ದನ್ನು ವಾಪಸ್ ಪಡೆದು ಲೋಹವಾಗಿ ಕೂರುತ್ತವೆ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ 1.19 ಗ್ರಾಂ ತಾಮ್ರ. ಅದೇ ಕರೆಂಟಿಗೆ ಬೆಳ್ಳಿ 4.02 ಗ್ರಾಂ ಬರುತ್ತದೆ. ಬೆಳ್ಳಿಯ ಪರಮಾಣು ಭಾರ ಜಾಸ್ತಿ, ಅದರ ಮೇಲೆ ಪ್ರತಿ ಅಯಾನಿಗೂ ಒಂದೇ ಎಲೆಕ್ಟ್ರಾನ್ ಸಾಕು. ತಾಮ್ರಕ್ಕೆ ಎರಡು ಬೇಕು. ಹರಿದ ಕರೆಂಟಿಗೆ ತಕ್ಕಷ್ಟೇ ಲೋಹ ಕೂರುತ್ತದೆ ಅನ್ನುವ ಈ ನಿಯಮವನ್ನು ವಿಜ್ಞಾನಿ ಫ್ಯಾರಡೆ ಹೇಳಿದ್ದು 1830ರ ದಶಕದಲ್ಲಿ, ಎಲೆಕ್ಟ್ರಾನ್ ಅನ್ನುವುದೊಂದು ಇದೆ ಅಂತ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ. ಥಾಮ್ಸನ್ ಅದನ್ನು ಕಂಡುಹಿಡಿದದ್ದು 1897ರಲ್ಲಿ.

ಕರೆಂಟೇ ಇಲ್ಲದೆ ತಾಮ್ರ ಕೂರುವುದೂ ಉಂಟು. ಅದು ನಮಗೆ ತಲೆನೋವು. ಕಬ್ಬಿಣದ ಜಾಬನ್ನು ನೇರವಾಗಿ ಆಸಿಡ್ ಕಾಪರ್‌ಗೆ ಇಳಿಸಿದರೆ, ಸ್ವಿಚ್ ಹಾಕುವ ಮೊದಲೇ ಮೇಲೆ ಕೆಂಪು ಪದರ ಬಂದುಬಿಡುತ್ತದೆ. ನೋಡಲು ಚೆನ್ನ. ಬೆರಳಲ್ಲಿ ಒರೆಸಿದರೆ ಉದುರುತ್ತದೆ. ಕಬ್ಬಿಣದ ಎಲೆಕ್ಟ್ರಾನುಗಳನ್ನು ತಾಮ್ರದ ಅಯಾನುಗಳು ಎಳೆದುಕೊಂಡಿರುತ್ತವೆ, ಕಬ್ಬಿಣ ಅಯಾನಾಗಿ ಟ್ಯಾಂಕಿಗೆ ಇಳಿದಿರುತ್ತದೆ. ಅದಕ್ಕೇ ಮೊದಲು ನಿಕಲ್ಲಿನದ್ದೋ ಸಯನೈಡ್ ಕಾಪರ್‌ನದ್ದೋ ತೆಳು ಕೋಟ್ ಕೊಟ್ಟು, ಆಮೇಲೆ ಇದಕ್ಕೆ ಹಾಕುವುದು. ಕಬ್ಬಿಣಕ್ಕೆ ಔದಾರ್ಯ ಜಾಸ್ತಿ ಅಂತಲ್ಲ. ಎರಡು ಕಡೆಯ ಎಳೆತದಲ್ಲಿ ತಾಮ್ರದ ಅಯಾನು ಗೆಲ್ಲುತ್ತದೆ.

ಎಲೆಕ್ಟ್ರಾನ್ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ಮಕ್ಕಳಿಗೆ ತೋರಿಸಬೇಕಾದರೆ ಕ್ರೋಮಿಯಂ ತೋರಿಸಿ. ಕ್ರೋಮ್ ಟ್ಯಾಂಕಿನಲ್ಲಿ ಅದು ಪ್ಲಸ್ ಆರು ಸ್ಥಿತಿಯಲ್ಲಿರುತ್ತದೆ, ಅಂದರೆ ಲೆಕ್ಕದಲ್ಲಿ ಆರು ಎಲೆಕ್ಟ್ರಾನ್ ಕಳೆದುಕೊಂಡಿರುತ್ತದೆ. ಆರು ಪ್ಲಸ್ ಹೊತ್ತ ಬರಿಯ ಅಯಾನಾಗಿ ಅಲ್ಲ, ಆಮ್ಲಜನಕವನ್ನು ಸುತ್ತಿಕೊಂಡು. ಇದು ಕ್ಯಾನ್ಸರ್ ತರುವ ವಿಷ. ಅದರ ಹನಿಮಂಜು ಉಸಿರಿಗೆ ಹೋಗದಂತೆ ಟ್ಯಾಂಕಿನ ಅಂಚಿನಲ್ಲೇ ಗಾಳಿ ಹೀರುವ ವ್ಯವಸ್ಥೆ ಬೇಕು. ಪ್ಲಸ್ ಮೂರು ಸ್ಥಿತಿಯ ಕ್ರೋಮಿಯಂಗೆ ಅಷ್ಟು ಹೆದರಬೇಕಿಲ್ಲ. ಧಾತು ಅದೇ, ಆವರ್ತ ಕೋಷ್ಟಕದಲ್ಲಿ ಮನೆ ಅದೇ, ನಂಬರು 24. ವ್ಯತ್ಯಾಸ ಮೂರು ಎಲೆಕ್ಟ್ರಾನು. ತೊಳೆದ ನೀರನ್ನು ಹೊರಗೆ ಬಿಡುವ ಮೊದಲು ಆಸಿಡ್ ಹಾಕಿ, ಪಿಎಚ್ (ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಜಾಸ್ತಿ) ಎರಡೂವರೆಯ ಆಸುಪಾಸಿಗೆ ಇಳಿಸಿ, ಸೋಡಿಯಂ ಮೆಟಾಬೈಸಲ್ಫೈಟ್ ಸುರಿಯುತ್ತೇವೆ. ಆ ಮೂರು ಎಲೆಕ್ಟ್ರಾನ್ ಕೊಡುವುದು ಅದು. ಹಳದಿ ನೀರು ನೋಡನೋಡುತ್ತಲೇ ಹಸಿರಾಗುತ್ತದೆ. ಆಮೇಲೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಕ್ರೋಮಿಯಂ ಹಸಿರು ಗಸಿಯಾಗಿ ತಳಕ್ಕೆ ಇಳಿಯುತ್ತದೆ. ನೀರು ಹಸಿರಾಗುವ ತನಕ ಸುಣ್ಣದ ಚೀಲ ಬಿಚ್ಚಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು. ಪ್ಲಸ್ ಆರು ಸುಣ್ಣಕ್ಕೆ ಬಗ್ಗುವುದಿಲ್ಲ.

ಆವರ್ತ ಕೋಷ್ಟಕದ ವಿಷಯಕ್ಕೆ ಬರುತ್ತೇನೆ. ನಿಮ್ಮ ಪುಟ ಮೊದಲ 20 ಧಾತುಗಳನ್ನು ಹಾಡು ಕಟ್ಟಿ ಬಾಯಿಪಾಠ ಮಾಡಿ ಅನ್ನುತ್ತದೆ. ಮಾಡಲಿ, ಬೇಡ ಅನ್ನುವುದಿಲ್ಲ. ಆದರೆ ಕೋಷ್ಟಕ ಇರುವುದು ಹಾಡುವುದಕ್ಕಲ್ಲ, ಗೊತ್ತಿಲ್ಲದ್ದನ್ನು ಹೇಳುವುದಕ್ಕೆ. ರಷ್ಯಾದ ರಸಾಯನ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಅದನ್ನು ಮಾಡಿದಾಗ ಗೊತ್ತಿದ್ದದ್ದು 63 ಧಾತುಗಳು. ಸರಿ ಹೊಂದದ ಕಡೆ ಜಾಗ ಖಾಲಿ ಬಿಟ್ಟರು. 1875ರಲ್ಲಿ ಫ್ರಾನ್ಸಿನಲ್ಲಿ ಗ್ಯಾಲಿಯಂ ಸಿಕ್ಕಿತು. ಕಂಡುಹಿಡಿದವರು ಅದರ ಸಾಂದ್ರತೆ 4.7 ಅಂದರು. ಗ್ಯಾಲಿಯಂ ಮುಖವನ್ನೇ ನೋಡದ ಮೆಂಡಲೀವ್, 5.9ರ ಸುತ್ತಮುತ್ತ ಇರಬೇಕು, ಇನ್ನೊಮ್ಮೆ ಅಳೆಯಿರಿ ಅಂತ ತಿಳಿಸಿದರು. ಶುದ್ಧ ಮಾಡಿ ಅಳೆದಾಗ ಬಂದದ್ದು 5.9. ಈ ಒಂದು ಘಟನೆ ಗೊತ್ತಿರುವ ಮಗುವಿಗೆ ಕೋಷ್ಟಕ ಯಾಕೆ ಅಂತ ಬೇರೆ ಹೇಳಬೇಕಿಲ್ಲ.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಹಾಡು, ನಗುಮುಖ ಬಿಟ್ಟು ಎಂಟು ಅಂಕಿ ಅಚ್ಚು ಹಾಕಿ. ಮೂರನೆಯ ಸಾಲಿನ ಧಾತುಗಳಿಂದ ಮೊದಲ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿ, ಕಿಲೋಜೌಲ್‌ಗಳಲ್ಲಿ: ಸೋಡಿಯಂ 496, ಮೆಗ್ನೀಸಿಯಂ 738, ಅಲ್ಯೂಮಿನಿಯಂ 578, ಸಿಲಿಕಾನ್ 787, ರಂಜಕ 1012, ಗಂಧಕ 1000, ಕ್ಲೋರಿನ್ 1251, ಆರ್ಗಾನ್ 1521. ಗ್ರಾಫ್ ಹಾಳೆಯಲ್ಲಿ ಮಕ್ಕಳೇ ಗೆರೆ ಎಳೆಯಲಿ. ಪ್ರೋಟಾನ್ ಒಂದೊಂದೇ ಜಾಸ್ತಿಯಾದಂತೆ ಹಿಡಿತ ಬಿಗಿಯಾಗುವುದು ಕಾಣುತ್ತದೆ. ಲೋಹಗಳು ಎಡಗಡೆಗೆ ಯಾಕೆ ಸೇರಿವೆ ಅನ್ನುವುದೂ ಕಾಣುತ್ತದೆ. ಜೊತೆಗೆ ಮೊದಲ ಗುಂಪಿನಲ್ಲಿ ಕೆಳಗಿಳಿಯುವ ಅಂಕಿಗಳನ್ನೂ ಕೊಡಿ: ಲಿಥಿಯಂ 520, ಸೋಡಿಯಂ 496, ಪೊಟ್ಯಾಸಿಯಂ 419, ರುಬಿಡಿಯಂ 403, ಸೀಸಿಯಂ 376. ಕೆಳಗೆ ಹೋದಂತೆ ನೀರಿನ ಜೊತೆ ರಂಪಾಟ ಯಾಕೆ ಜಾಸ್ತಿ ಅಂತ ಯೋಚಿಸಲು ಒಂದು ದಾರಿಯಾಯಿತು.

ಮೂರನೆಯ ಸಾಲಿನ ಗೆರೆ ಎರಡು ಕಡೆ ಕೆಳಗೆ ಬಾಗುತ್ತದೆ. ಅಲ್ಯೂಮಿನಿಯಂನಲ್ಲಿ ಒಮ್ಮೆ, ಗಂಧಕದಲ್ಲಿ ಒಮ್ಮೆ. ಮೊದಲನೆಯದಕ್ಕೆ ಕಾರಣ, ಅಲ್ಯೂಮಿನಿಯಂನ ಕೊನೆಯ ಎಲೆಕ್ಟ್ರಾನ್ ಅದೇ ಕವಚದಲ್ಲೇ ತುಸು ಎತ್ತರದ ಇನ್ನೊಂದು ಉಪಕವಚದಲ್ಲಿ ಕೂತಿದೆ, ಹಾಗಾಗಿ ಸುಲಭವಾಗಿ ಬರುತ್ತದೆ. ಗಂಧಕದ್ದನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮಕ್ಕಳು ಈ ಪತ್ರ ಓದಿಬಿಡುತ್ತಾರೆ. ಯಾವ ಎಲೆಕ್ಟ್ರಾನಿಗೆ ಜೊತೆಗಾರ ಸಿಕ್ಕಿದೆ ಅಂತ ನೋಡಲಿ, ಅಷ್ಟು ಸುಳಿವು ಸಾಕು. ಒಂದು ವಾರ ಸಮಯ ಕೊಡಿ. ಉತ್ತರವನ್ನು ಸುಮ್ನೆ ಅದೇ ಪುಟದ ಮೂಲೆಯಲ್ಲಿ ತಲೆಕೆಳಗಾಗಿ ಅಚ್ಚು ಹಾಕಬೇಡಿ.

ಇಂತಿ ನಿಮ್ಮ ಓದುಗ,
ಪ್ಲೇಟಿಂಗ್ ಶಾಪಿನ ನಿವೃತ್ತ ಸೂಪರ್‌ವೈಸರ್