ಭಾನುವಾರ ಸೇಫ್ಟಿ ಮಾಡ್ಯೂಲ್ ತಪಾಸಣೆ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 8ಕ್ಕೆ ನಮ್ಮ ಹೊಸೂರು ಘಟಕದ ಪ್ರೆಸ್ ಲೈನ್ ನಿಲ್ಲಿಸಿ, ಪಿಎಲ್‌ಸಿಯ (ಮೆಷಿನ್ ನಡೆಸುವ ಕಂಟ್ರೋಲರ್) ಸೇಫ್ಟಿ ಇನ್‌ಪುಟ್, ಔಟ್‌ಪುಟ್ ಮಾಡ್ಯೂಲ್‌ಗಳನ್ನು, ಅಂದರೆ ಬಟನ್, ಗಾರ್ಡ್‌ಗಳ ಸಿಗ್ನಲ್ ಓದಿ ಮೆಷಿನ್ ನಿಲ್ಲಿಸುವ ಭಾಗಗಳನ್ನು, ಪರೀಕ್ಷಿಸುತ್ತೇವೆ. ಎಲೆಕ್ಟ್ರಿಕಲ್‌ನವರು, ಎರಡೂ ಶಿಫ್ಟಿನ ಆಪರೇಟರ್‌ಗಳು ಬರಲೇಬೇಕು.

ಕಳೆದ ವಾರ ಎಮರ್ಜೆನ್ಸಿ ಬಟನ್ ಒತ್ತಿದಾಗ ಅದರ ಎರಡು ಚಾನೆಲ್‌ಗಳಲ್ಲಿ (ಪ್ರತ್ಯೇಕ ಸರ್ಕ್ಯೂಟ್‌ಗಳು) ಒಂದೇ ತೆರೆಯಿತು. ಇನ್ನೊಂದಕ್ಕೆ ಯಾರೋ ಜಂಪರ್ (ಬೈಪಾಸ್ ತಂತಿ) ಹಾಕಿದ್ದರು! ವ್ಯತ್ಯಾಸ ಹಿಡಿದ ಮಾಡ್ಯೂಲ್ ಮೆಷಿನ್ ನಿಲ್ಲಿಸಿ ಕೆಂಪು ದೀಪ ತೋರಿಸಿತು. ಎರಡು ಚಾನೆಲ್ ಇರುವುದೇ ಅದಕ್ಕೆ. ದಯವಿಟ್ಟು ಜಂಪರ್ ಬೇಡ, ಡೈ (ಪ್ರೆಸ್‌ನ ಅಚ್ಚು) ಕೆಳಗೆ ಹೋಗುವುದು ನಮ್ಮವರದೇ ಕೈ.

ಟರ್ಮಿನಲ್ ಮುಟ್ಟುವ ಮುಂಚೆ ಪವರ್ ಆಫ್ ಮಾಡಿ ಲಾಕ್, ಟ್ಯಾಗ್ ಹಾಕಿ. ಆಮೇಲೆ 24 ವೋಲ್ಟ್ ಕೊಟ್ಟು ಒಂದೊಂದೇ ಬಟನ್ ಒತ್ತಿ, ಗಾರ್ಡ್ ತೆರೆದು, ಎರಡೂ ಕಾಂಟ್ಯಾಕ್ಟರ್ (ಮೆಷಿನ್‌ನ ಪವರ್ ಕಡಿಯುವ ಸ್ವಿಚ್) ಬಿಡುತ್ತವೆಯೇ ನೋಡೋಣ. ಮಾಡ್ಯೂಲ್ ಬದಲಿಸಿದರೆ ಸೇಫ್ಟಿ ಅಡ್ರೆಸ್ (ಪಿಎಲ್‌ಸಿ ಅದನ್ನು ಗುರುತಿಸುವ ಸಂಖ್ಯೆ) ಹಾಕಲು ಮರೆಯಬೇಡಿ.

ಬರುವವರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.