ಈ ಭಾನುವಾರದ ಆಲಿಕೆ: ‘ನವೆಂಬರ್ ವುಡ್ಸ್’
ಸದಸ್ಯರ ಗಮನಕ್ಕೆ: ಈ ಭಾನುವಾರ ನಾವು ಕೇಳಲಿರುವುದು ಇಂಗ್ಲೆಂಡಿನ ಸಂಗೀತ ರಚನಕಾರ ಆರ್ನಲ್ಡ್ ಬ್ಯಾಕ್ಸ್ ಅವರು 1917ರಲ್ಲಿ ರಚಿಸಿದ, 1920ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಹ್ಯಾಲೆ ಆರ್ಕೆಸ್ಟ್ರಾ ಮೊದಲ ಬಾರಿಗೆ ನುಡಿಸಿದ ‘ನವೆಂಬರ್ ವುಡ್ಸ್’ ಎಂಬ ವಾದ್ಯವೃಂದ ಕೃತಿ. ಅವರದೇ ಇನ್ನೊಂದು ವಾದ್ಯವೃಂದ ಕೃತಿ ‘ಟಿಂಟಾಜೆಲ್’ಗೆ ದೊರೆತಷ್ಟು ಮನ್ನಣೆ ಇದಕ್ಕೆ ದೊರೆತಿಲ್ಲವೆಂದು ಕಳೆದ ವಾರ ನಿಮ್ಮಲ್ಲಿ ಹಲವರು ಬರೆದದ್ದು ಸರಿಯಾಗಿಯೇ ಇದೆ, ನನ್ನ ಮಟ್ಟಿಗಂತೂ ಇದೇ ಒಂದು ತೂಕ ಹೆಚ್ಚು. ಸುಮಾರು 20 ನಿಮಿಷಗಳ ಈ ಕೃತಿಯ ಆರಂಭದಲ್ಲಿ ತಂತಿ ಮೀಟಿ ನುಡಿಸುವ ದೊಡ್ಡ ವಾದ್ಯವಾದ ಹಾರ್ಪ್‌ಗಳೂ ಕೊಳಲು, ಕ್ಲಾರಿನೆಟ್‌ಗಳೂ ಸೇರಿ ಎಬ್ಬಿಸುವ ಗಾಳಿಯ ಸುಳಿಯನ್ನು, ಆ ಗಾಳಿ ತಗ್ಗಿದಾಗ ಮೆಲ್ಲನೆ ತಲೆಯೆತ್ತುವ ವಿಷಾದದ ರಾಗವನ್ನು, ಕೊನೆಗೆ ಎಲ್ಲವೂ ಮೌನದಲ್ಲಿ ಕರಗುವ ಬಗೆಯನ್ನು ದಯವಿಟ್ಟು ಇಯರ್‌ಫೋನಿನಲ್ಲಿಯೇ ಆಲಿಸಿ (ಮೊಬೈಲಿನ ಸ್ಪೀಕರಿಗೆ ಆ ಹಾರ್ಪ್ ದಕ್ಕುವುದಿಲ್ಲ). ಎರಡನೆಯ ಸಲ ಕೇಳಿದ ಮೇಲೆಯೇ ಅಭಿಪ್ರಾಯ ಬರೆಯಬೇಕೆಂದು ಕೋರುತ್ತೇನೆ.